ತಾಳೆಯಾಗದ ಸಹಿ

ಎಂ.ಕಾಂ. ಎರಡನೇ ವರ್ಷದ ಬೇಸಿಗೆಯಲ್ಲಿ ನಾವೆಲ್ಲ ಆರು ವಾರ ಯಾವುದಾದರೂ ಬ್ಯಾಂಕಿನಲ್ಲಿ ಕೂತು ಕೆಲಸ ಕಲಿತು, ಅದರ ಮೇಲೊಂದು ವರದಿ ಬರೆದು ಕಾಲೇಜಿಗೆ ಒಪ್ಪಿಸಬೇಕಿತ್ತು. ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿದ್ದ ಕಾಲ. ನನ್ನ ಜೊತೆಯವರೆಲ್ಲ ಶಿವಮೊಗ್ಗದಲ್ಲೇ ಬ್ಯಾಂಕು ಹುಡುಕಿಕೊಂಡರು. ನಾನು ಮಾತ್ರ ನಮ್ಮೂರು ಭದ್ರಾವತಿಯನ್ನು ಕೇಳಿ ಹಾಕಿಸಿಕೊಂಡೆ. ಓದುವಾಗ ಶಿವಮೊಗ್ಗದ ವಿನೋಬನಗರದಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದವಳಿಗೆ ಆರು ವಾರವಾದರೂ ನಮ್ಮ ಮನೆಯಲ್ಲಿದ್ದು ಅಮ್ಮನ ಕೈಯೂಟ ಉಣ್ಣುವ ಆಸೆ. ಆ ಆಸೆ ಇಲ್ಲದಿದ್ದರೆ ಒಬ್ಬ ಮನುಷ್ಯನನ್ನು ಅಷ್ಟು ಶ್ರದ್ಧೆಯಿಂದ ದ್ವೇಷಿಸುವುದನ್ನು ನಾನು ಕಲಿಯುತ್ತಲೇ ಇರಲಿಲ್ಲವೇನೋ.

ಶಾಖೆ ಇದ್ದದ್ದು ಓಲ್ಡ್ ಟೌನಿನಲ್ಲಿ, ಬಟ್ಟೆ ಅಂಗಡಿಯೊಂದರ ಪಕ್ಕ. ಗಿರಾಕಿಗಳಲ್ಲಿ ಅರ್ಧಕ್ಕರ್ಧ ಊರಿನ ಕಬ್ಬಿಣದ ಕಾರ್ಖಾನೆಯವರು, ಅವರಲ್ಲೂ ಸ್ವಯಂ ನಿವೃತ್ತಿ ತೆಗೆದುಕೊಂಡವರೇ ಹೆಚ್ಚು. ಉಳಿದಂತೆ ಪೇಟೆಯವರು, ಹೊಳೆಹೊನ್ನೂರಿನ ಕಡೆಯಿಂದ ಬಸ್ಸಿನಲ್ಲಿ ಬರುವ ರೈತರು. ಬ್ಯಾಂಕಿಗೆ ಆಗಷ್ಟೇ ಕಂಪ್ಯೂಟರ್ ಬಂದಿತ್ತು. ಖಾತೆದಾರರೆಲ್ಲರ ಸಹಿ ಇರುವ ಹಳೆಯ ಕಾರ್ಡುಗಳನ್ನು ಒಂದೊಂದಾಗಿ ಸ್ಕ್ಯಾನ್ ಮಾಡಿ, ಖಾತೆಯ ನಂಬರಿನ ಜೊತೆ ಸೇರಿಸಬೇಕಿತ್ತು. ಮುಂದೆ ಯಾರಾದರೂ ಹಣ ತೆಗೆಯಲು ಬಂದರೆ ಕಪಾಟು ತೆರೆದು ಕಾರ್ಡು ಹುಡುಕುವ ತಾಪತ್ರಯವಿಲ್ಲ, ಸಹಿ ಪರದೆಯ ಮೇಲೆಯೇ ಮೂಡುತ್ತದೆ. ಬ್ಯಾಂಕಿನವರಿಗೆ ಬೇಡವಾದ ಈ ಕೆಲಸ ನನ್ನ ತಲೆಗೆ ಬಂತು. ಕಲಿಸಿಕೊಟ್ಟವರು ನಿವೃತ್ತಿಗೆ ಹತ್ತಿರವಾಗಿದ್ದ ಹಿರಿಯ ಗುಮಾಸ್ತೆ ಮೇಡಂ ಒಬ್ಬರು. ಮಧ್ಯಾಹ್ನ ತಮ್ಮ ಡಬ್ಬಿಯಿಂದ ಅರ್ಧ ನನಗೆ ಬಡಿಸಿಯೇ ಅವರು ಊಟಕ್ಕೆ ಕೂರುತ್ತಿದ್ದದ್ದು.

ನಾನು ಹೇಳಬೇಕಾದ ಮನುಷ್ಯ ಆ ಶಾಖೆಯ ಅಕೌಂಟೆಂಟ್. ಮ್ಯಾನೇಜರ ನಂತರದ ಸ್ಥಾನ ಅವರದು. ನಲವತ್ತು ದಾಟಿದ ವಯಸ್ಸು, ಇಸ್ತ್ರಿ ಮುರಿಯದ ಬಿಳಿ ಅಂಗಿ, ಜೇಬಿನಲ್ಲಿ ಸದಾ ಎರಡು ಪೆನ್ನು. ಬಹಳ ವರ್ಷಗಳ ಹಿಂದೆ ಇದೇ ಶಾಖೆಯಲ್ಲಿ ಗುಮಾಸ್ತರಾಗಿ ಸೇರಿ, ಊರೂರು ಸುತ್ತಿ, ಬಡ್ತಿ ಪಡೆದು ಮತ್ತೆ ಇಲ್ಲಿಗೇ ಬಂದಿದ್ದರು. ದೊಡ್ಡ ವ್ಯಾಪಾರಿಗಳು ಬಂದರೆ ಎದ್ದು ನಿಂತು ಕುರ್ಚಿ ಎಳೆದು ಕೊಡುವವರು, ಕಾರ್ಖಾನೆಯವರು ಬಂದರೆ ತಲೆ ಎತ್ತದೆಯೇ "ಏನು?" ಎನ್ನುತ್ತಿದ್ದರು. ಅವರ ಸಹಿ ಅಗಲವಾದ ಇಂಗ್ಲಿಷ್ ಸಹಿ. ಮೊದಲಿಗೆ ಎರಡು ಸುತ್ತು, ಕೊನೆಯಲ್ಲಿ ಬಾಲದಂಥ ಗೀಟು. ಸಹಿ ಹಾಕಿದ ಮೇಲೆ ಒಂದು ಕ್ಷಣ ಅದನ್ನೇ ನೋಡುತ್ತ ಕೂರುತ್ತಿದ್ದರು.

ನಮ್ಮಪ್ಪನ ಖಾತೆಯೂ ಅದೇ ಶಾಖೆಯಲ್ಲಿತ್ತು. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ. ಹೇಳಬೇಡ ಎಂದದ್ದು ಅಪ್ಪನೇ. "ನೀನು ಅಲ್ಲಿ ಕಲಿಯೋಕೆ ಹೋಗ್ತಿದ್ದೀಯ. ಕಾರ್ಖಾನೆಯವನ ಮಗಳು ಅಂತ ಗೊತ್ತಾದ್ರೆ ಟೀ ತರಿಸೋಕೆ ಇಟ್ಕೋತಾರೆ ಅಷ್ಟೆ" ಎಂದಿದ್ದರು. ಅಪ್ಪ ಕಾರ್ಖಾನೆಯಲ್ಲಿ ಲೋಹದ ಎರಕ ಹೊಯ್ಯುವ ಫೌಂಡ್ರಿಯಲ್ಲಿದ್ದವರು. ಕೆಲಸ ಬಿಡುವ ಮೂರು ವರ್ಷ ಮೊದಲು ಕಾದ ಲೋಹ ಸಿಡಿದು ಬಲಗೈ ಸುಟ್ಟಿತ್ತು. ಗಾಯವೇನೋ ಮಾಯಿತು, ಎರಡು ಬೆರಳು ಮಾತ್ರ ಮಡಚದಂತಾದವು. ಪೆನ್ನನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಸಿಕ್ಕಿಸಿಕೊಂಡು, ಇಡೀ ತೋಳನ್ನೇ ಆಡಿಸಿ ಬರೆಯುತ್ತಿದ್ದರು. ನಾನು ಸೇರುವವರೆಗೆ ಬ್ಯಾಂಕಿನಲ್ಲಿ ಪರಿಚಯದ ಗುಮಾಸ್ತರೊಬ್ಬರು ಮುಖ ನೋಡಿ ಹಣ ತೆಗೆಯುವ ಚೀಟಿ ಪಾಸು ಮಾಡುತ್ತಿದ್ದರು. ಅವರಿಗೆ ಆಗಷ್ಟೇ ವರ್ಗವಾಗಿತ್ತು.

ನಾನು ಸೇರಿದ ಎರಡನೆಯ ವಾರ ಅಪ್ಪ ಬ್ಯಾಂಕಿಗೆ ಬಂದರು. ತಂಗಿಯ ಕಾಲೇಜಿನ ಫೀಸು ಕಟ್ಟುವುದಿತ್ತು. ಮ್ಯಾನೇಜರು ಅವತ್ತು ರಜೆ. ಅಪ್ಪ ನನ್ನನ್ನು ನೋಡಿದರೂ ನೋಡದವರಂತೆ ಸಾಲಿನಲ್ಲಿ ನಿಂತರು. ನಾನೂ ಹಾಗೆಯೇ ಕಾರ್ಡುಗಳ ಮೇಲೆ ತಲೆ ಬಗ್ಗಿಸಿದೆ. ನನ್ನ ಮೇಜು ಅಕೌಂಟೆಂಟರ ಮೇಜಿನಿಂದ ನಾಲ್ಕು ಹೆಜ್ಜೆ ದೂರ.

"ಏನಯ್ಯಾ ಇದು? ಸಹಿನೋ, ಕಾಗೆ ಕಾಲು ಗುಬ್ಬಿ ಕಾಲೋ?" ಅಕೌಂಟೆಂಟರ ದನಿ ಕೇಳಿತು.

"ಕೈಗೆ ಏಟಾಗಿದೆ ಸಾರ್. ಫೌಂಡ್ರಿಲಿ."

"ಏಟಾಗಿದ್ರೆ ಡಾಕ್ಟ್ರ ಹತ್ರ ಹೋಗು. ನನಗೆ ಸಹಿ ಬೇಕು. ಚೀಟಿ ಹಿಂದೆ ಇನ್ನೊಂದ್ಸಲ ಹಾಕು."

ಅಪ್ಪ ಹಾಕಿದರು. ಆಗಲಿಲ್ಲ. ಇನ್ನೊಮ್ಮೆ ಹಾಕಿದರು. ಸಾಲಿನಲ್ಲಿದ್ದವರು ಬಗ್ಗಿ ನೋಡತೊಡಗಿದರು. ಅಕೌಂಟೆಂಟರಿಗೆ ಜನ ನೋಡುತ್ತಿದ್ದಾರೆಂದು ಗೊತ್ತಾಗಿ ಹುರುಪು ಬಂತು. "ನಿಧಾನಕ್ಕೆ ಹಾಕಪ್ಪಾ, ಒಂದನೇ ಕ್ಲಾಸಿನಲ್ಲಿ ಮೇಷ್ಟ್ರು ಹೇಳಿಕೊಟ್ಟಿರ್ತಾರಲ್ಲ, ಹಾಗೆ" ಎಂದರು. ಒಂದಿಬ್ಬರು ನಕ್ಕರು. ಅಪ್ಪನ ತೋಳು ಮೇಜಿನ ಮೇಲೆ ಹಿಂದೆ ಮುಂದೆ ಸರಿಯುವ ಸದ್ದು ನನಗೆ ಕೇಳುತ್ತಿತ್ತು. ಏಳು ಸಲ ಹಾಕಿಸಿದರು. ಏಳೂ ಬೇರೆ ಬೇರೆಯಾಗಿ ಬಂದವು.

ಆಮೇಲೆ ಅಕೌಂಟೆಂಟರು ಆ ಚೀಟಿಯನ್ನೂ ಹಳೆಯ ಕಾರ್ಡನ್ನೂ ಹಿಡಿದು ನನ್ನ ಕಡೆ ತಿರುಗಿದರು. "ನೀನೇ ಹೇಳಮ್ಮಾ. ಎಂ.ಕಾಂ. ಓದ್ತಿದ್ದೀಯ. ಇದೂ ಅದೂ ಒಂದೇನಾ?"

ಇಡೀ ಸಾಲು ನನ್ನ ಕಡೆ ನೋಡಿತು, ಅಪ್ಪ ಒಬ್ಬರನ್ನು ಬಿಟ್ಟು. ಅವರು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದರು. ಅವರು ನಮ್ಮಪ್ಪ ಎನ್ನಲು ಒಂದು ಉಸಿರು ಸಾಕಿತ್ತು. ನನ್ನ ಬಾಯಿಂದ ಬಂದದ್ದು, "ಇಲ್ಲ ಸಾರ್."

"ನೋಡಿದ್ಯಾ? ಹೋಗು, ಮ್ಯಾನೇಜರು ಬಂದ ಮೇಲೆ ಬಾ" ಎಂದು ಚೀಟಿಯನ್ನು ಹರಿದು ಬುಟ್ಟಿಗೆ ಹಾಕಿದರು. ಅಪ್ಪ ಪಾಸ್‌ಬುಕ್ಕನ್ನು ಪ್ಲಾಸ್ಟಿಕ್ ಚೀಲಕ್ಕೆ ತುರುಕಿ, ಚಪ್ಪಲಿ ಎಳೆದುಕೊಂಡು ಹೊರಟುಹೋದರು.

ಅವರು ಹೋದ ಮೇಲೆ ಮೇಡಂ ನನ್ನ ಪಕ್ಕ ಬಂದು ಪಿಸುಗುಟ್ಟಿದರು. "ಪಾಪ ಮಾರಾಯ್ತಿ. ಕೈಗೆ ಏಟಾದವರಿಗೆ ಹೊಸ ಕಾರ್ಡು ಬರೆಸಿಕೊಳ್ಳೋಕೆ ರೂಲೇ ಇದೆ. ಐದು ನಿಮಿಷದ ಕೆಲಸ. ಇವರಿಗೆ ಮಾಡೋ ಮನಸ್ಸಿಲ್ಲ ಅಷ್ಟೆ."

ಐದು ನಿಮಿಷದ ಕೆಲಸ ಎಂಬ ಆ ಮಾತು ನನ್ನೊಳಗೆ ಇಳಿದು ಕೂತಿತು. ರೂಲು ಕಟ್ಟುನಿಟ್ಟಾಗಿದ್ದು ಹೀಗಾಗಿದ್ದರೆ ಹಲ್ಲು ಕಚ್ಚಿ ಸುಮ್ಮನಾಗುತ್ತಿದ್ದೆನೋ ಏನೋ. ಅವರು ನಮ್ಮಪ್ಪನನ್ನು ಸುಮ್ಮನೆ, ಮೋಜಿಗೆ, ಜನರ ಮುಂದೆ ಕುಣಿಸಿದ್ದರು. ಜೊತೆಗೆ ನನ್ನ ಕೈಲೇ ಸಾಕ್ಷಿ ಹೇಳಿಸಿದ್ದರು.

ಸಂಜೆ ಮನೆಗೆ ಹೋದಾಗ ಅಪ್ಪ ಏನೂ ಆಗಿಲ್ಲವೆಂಬಂತೆ ರೇಡಿಯೋ ಕೇಳುತ್ತಿದ್ದರು. ಮಾರನೆಯ ದಿನ ಮ್ಯಾನೇಜರು ಅಪ್ಪನ ಮುಖ ನೋಡಿ ಚೀಟಿ ಪಾಸು ಮಾಡಿದರು, ತಂಗಿಯ ಫೀಸೂ ಕಟ್ಟಿಯಾಯಿತು. ಮನೆಯಲ್ಲಿ ಆ ವಿಷಯವನ್ನು ಯಾರೂ ಎತ್ತಲಿಲ್ಲ. ಅಮ್ಮನಿಗೆ ಮಾತ್ರ ನಾನು ಅಡುಗೆಮನೆಯಲ್ಲಿ ಎಲ್ಲ ಹೇಳಿದೆ, ನನ್ನ "ಇಲ್ಲ ಸಾರ್" ಒಂದನ್ನು ಬಿಟ್ಟು.

ಸೇಡು ತೀರಿಸಿಕೊಳ್ಳಬೇಕೆಂದೇನೋ ಅಂದುಕೊಂಡೆ, ಆದರೆ ಹೇಗೆಂದು ಗೊತ್ತಿರಲಿಲ್ಲ. ಮೊದಲಿಗೆ ಚಿಲ್ಲರೆ ಕೆಲಸಗಳನ್ನು ಮಾಡಿದೆ. ಅವರು ಪತ್ರ ಬರೆಯಲು ಜೋಡಿಸಿಟ್ಟಿದ್ದ ಹಾಳೆಗಳ ನಡುವಿನ ಕಾರ್ಬನ್ನನ್ನು ತಿರುಗಿಸಿ ಇಟ್ಟೆ. ಎರಡು ಪುಟ ಬರೆದ ಮೇಲೆ ನೋಡಿದರೆ ಪ್ರತಿ ಮೂಡಿಯೇ ಇಲ್ಲ, ಅಸಲು ಹಾಳೆಯ ಬೆನ್ನ ಮೇಲೆ ಎಲ್ಲ ಉಲ್ಟಾ ಅಕ್ಷರ. ಅಟೆಂಡರ್ ಬೈಸಿಕೊಂಡ. ಅದು ನನಗೆ ಬೇಕಾದದ್ದಾಗಿರಲಿಲ್ಲ. ಅವರ ಸ್ಟೇಪ್ಲರ್ ಬಚ್ಚಿಟ್ಟೆ, ಅವರು ಕ್ಯಾಷಿಯರನದನ್ನು ಎತ್ತಿಕೊಂಡರು. ಇದೆಲ್ಲ ಮಕ್ಕಳಾಟ ಎಂದು ನನಗೇ ನಾಚಿಕೆಯಾಯಿತು. ಅವರನ್ನು ಅದೇ ಜಾಗದಲ್ಲಿ, ಅದೇ ಸಾಲಿನ ಮುಂದೆ ನಿಲ್ಲಿಸಬೇಕಿತ್ತು. ರಾತ್ರಿ ಚಾಪೆಯ ಮೇಲೆ ಮಲಗಿ ಅದನ್ನೇ ಯೋಚಿಸುತ್ತಿದ್ದೆ. ಆ ದಿನಗಳಲ್ಲಿ ನನಗೆ ಊಟ ರುಚಿಸುತ್ತಿತ್ತು, ನಿದ್ದೆಯೂ ಚೆನ್ನಾಗಿ ಬರುತ್ತಿತ್ತು. ಸಿಟ್ಟು ಮನುಷ್ಯರನ್ನು ಸೊರಗಿಸುತ್ತದೆ ಎನ್ನುತ್ತಾರೆ. ನಾನಂತೂ ಅದನ್ನುಂಡು ಮೈ ತುಂಬಿಕೊಂಡೆ.

ನಾಲ್ಕನೆಯ ವಾರ ಸಿಬ್ಬಂದಿಯ ಕಾರ್ಡುಗಳ ಕಟ್ಟು ನನ್ನ ಮೇಜಿಗೆ ಬಂತು. ಅದರಲ್ಲಿ ಅಕೌಂಟೆಂಟರ ಕಾರ್ಡೂ ಇತ್ತು. ಗುಮಾಸ್ತರಾಗಿ ಸೇರಿದ ವರ್ಷ ತೆರೆದ ಖಾತೆ, ಮೂಲೆ ಹಳದಿಯಾಗಿತ್ತು. ಸಹಿಯ ಜಾಗದಲ್ಲಿ ಆ ಸುತ್ತುಗಳೂ ಇರಲಿಲ್ಲ, ಬಾಲವೂ ಇರಲಿಲ್ಲ. ದುಂಡಗಿನ ಕನ್ನಡ ಅಕ್ಷರದಲ್ಲಿ ಪೂರ್ತಿ ಹೆಸರು, ಕಾಪಿ ಪುಸ್ತಕದಲ್ಲಿ ಬರೆದಂತೆ. ಅಷ್ಟು ವರ್ಷವೂ ಅವರ ಚೀಟಿಯನ್ನು ಯಾರೂ ಕಾರ್ಡಿನ ಜೊತೆ ಹಿಡಿದು ನೋಡಿರಲಿಲ್ಲ. ಒಳಗಿನವರ ಚೀಟಿಯನ್ನು ಯಾರು ನೋಡುತ್ತಾರೆ?

"ಸ್ಟಾಫಿನವರದ್ದು ಹಳೇವಿದ್ರೆ ಬದಿಗಿಡು. ಹೊಸದಾಗಿ ಬರೆಸಿಕೊಂಡು ಸ್ಕ್ಯಾನ್ ಮಾಡೋಣ" ಎಂದು ಮೇಡಂ ಹೇಳಿದ್ದರು. ಉಳಿದವರದ್ದನ್ನು ಬದಿಗಿಟ್ಟೆ. ಇದೊಂದನ್ನು ಯಂತ್ರದ ಗಾಜಿನ ಮೇಲೆ ಬೋರಲು ಹಾಕಿ ಮುಚ್ಚಳ ಮುಚ್ಚಿದೆ. ಬೆಳಕಿನ ಪಟ್ಟಿ ಆ ಕಡೆಯಿಂದ ಈ ಕಡೆಗೆ ಹರಿಯಿತು.

ಮುಂದಿನ ವಾರ ಪ್ರಾದೇಶಿಕ ಕಚೇರಿಯಿಂದ ದೊಡ್ಡ ಅಧಿಕಾರಿಯೊಬ್ಬರು ಹೊಸ ವ್ಯವಸ್ಥೆಯನ್ನು ನೋಡಲು ಬರುವವರಿದ್ದರು. ಅವರಿಗೆ ತೋರಿಸುವ ಹೊಣೆ ಅಕೌಂಟೆಂಟರದೇ. ಹಿಂದಿನ ದಿನ ಅವರು, "ಯಾರದ್ದಾದ್ರೂ ಒಂದು ಅಕೌಂಟು ಆರಿಸಿ ಇಟ್ಟಿರು, ಮಾಡಿ ತೋರಿಸೋಕೆ" ಎಂದರು.

ನಾನು ತುಂಬ ವಿನಯದಿಂದ, "ನಿಮ್ಮದೇ ತಗೊಂಡ್ರೆ ಚೆನ್ನಾಗಿರುತ್ತಲ್ವಾ ಸಾರ್? ಆಫೀಸರೇ ಮೊದಲು ಕಂಪ್ಯೂಟರಿನಲ್ಲಿ ಹಣ ತೆಗೆದ್ರು ಅಂತ ಜನಕ್ಕೂ ನಂಬಿಕೆ ಬರುತ್ತೆ" ಎಂದೆ.

ಅವರ ಮುಖ ಅರಳಿತು. "ಪರವಾಗಿಲ್ವೇ, ಬುದ್ಧಿ ಓಡುತ್ತೆ ನಿನಗೆ" ಎಂದರು.

ಮಾರನೆಯ ದಿನ ಶಾಖೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ದೊಡ್ಡ ಅಧಿಕಾರಿ ಬಂದು ಪರದೆಯ ಮುಂದೆ ಕೂತರು. ಪಕ್ಕದಲ್ಲಿ ಮ್ಯಾನೇಜರು. ಕೀಲಿಮಣೆಯ ಮುಂದೆ ಮೇಡಂ, ಅವರ ಬೆನ್ನಿಗೆ ನಾನು. ಅಕೌಂಟೆಂಟರು ಕೌಂಟರಿನ ಹೊರಗೆ, ಸಾಲಿನ ತಲೆಯಲ್ಲಿ ಗಿರಾಕಿಯ ಹಾಗೆ ನಿಂತು, ಜೋರು ದನಿಯಲ್ಲಿ ಎಲ್ಲರಿಗೂ ವಿವರಿಸುತ್ತ ಚೀಟಿ ಬರೆದರು. ಎರಡು ಸುತ್ತು ಸುತ್ತಿ ಗೀಟು ಎಳೆದು, ಒಂದು ಕ್ಷಣ ನೋಡಿ, ಚೀಟಿಯನ್ನು ಒಳಗೆ ಸರಿಸಿದರು. ಮೇಡಂ ನಂಬರು ಒತ್ತಿದರು. ಪರದೆಯ ಮೇಲೆ ನಿಧಾನವಾಗಿ ಆ ದುಂಡಗಿನ ಕನ್ನಡ ಅಕ್ಷರಗಳು ಬಿಚ್ಚಿಕೊಂಡವು.

ಮೇಡಂ ತಲೆ ತಿರುಗಿಸಿ ನನ್ನನ್ನು ನೋಡಿದರು. ನಾನು ಬೇಕೆಂದೇ ಹಾಕಿದ ಕಾರ್ಡು ಇದು ಎಂದು ಅವರಿಗೆ ಆ ಕ್ಷಣವೇ ಗೊತ್ತಾಗಿಹೋಯಿತು. "ಸುಮ್ನಿರು ಮಾರಾಯ್ತಿ" ಎಂದು ತುಟಿಯಲ್ಲೇ ಹೇಳಿದರು.

"ಸಹಿ ತಾಳೆ ಆಗ್ತಿಲ್ಲ ಸಾರ್" ಎಂದೆ, ಸಾಲಿನ ಕೊನೆಯವರಿಗೂ ಕೇಳುವಂತೆ.

ಅಕೌಂಟೆಂಟರು ನಕ್ಕರು. "ಹಳೇ ಕಾರ್ಡು ಸಾರ್. ಆಗಿನ್ನೂ ಹುಡುಗ ನಾನು."

ದೊಡ್ಡ ಅಧಿಕಾರಿ ಹಾಸ್ಯದ ಮನುಷ್ಯ. ಅವರೂ ನಗುತ್ತಲೇ, "ಅದೆಲ್ಲ ಕಂಪ್ಯೂಟರಿಗೆ ಹೇಳಿ ನೋಡೋಣ. ರೂಲ್ ಎಲ್ಲರಿಗೂ ಒಂದೇ ಅಲ್ವೇನ್ರೀ? ಕಾರ್ಡಿನಲ್ಲಿರೋ ಹಾಗೇ ಹಾಕಿ ಕೊಡಿ" ಎಂದು ಚೀಟಿಯನ್ನು ವಾಪಸು ತಳ್ಳಿದರು.

ಅಕೌಂಟೆಂಟರು ಚೀಟಿ ತಿರುಗಿಸಿ ಅದರ ಬೆನ್ನ ಮೇಲೆ ಕನ್ನಡದಲ್ಲಿ ಹೆಸರು ಬರೆದರು. ಅವರ ಕೈಗೆ ಅದು ಮರೆತೇಹೋಗಿತ್ತು. ಒತ್ತಕ್ಷರ ಹಾರಿಹೋಯಿತು. ಎರಡನೆಯ ಸಲ ಅಭ್ಯಾಸಬಲದಿಂದ ಕೊನೆಗೊಂದು ಬಾಲ ಸೇರಿಕೊಂಡಿತು. ಮೂರನೆಯ ಸಲ ಕೈ ನಡುಗಿತು. ಕಿವಿಯ ಹಿಂದಿನಿಂದ ಬೆವರು ಇಳಿದು ಬಿಳಿ ಕಾಲರಿನ ಅಂಚಿಗೆ ತಾಗುವುದನ್ನು ನೋಡಿದೆ. ಸಾಲಿನಲ್ಲಿ ಅವರ ಹಿಂದೆಯೇ ನಿಂತಿದ್ದ, ಕಾರ್ಖಾನೆಯಿಂದ ನಿವೃತ್ತರಾದ ತಮಿಳು ಹಿರಿಯರೊಬ್ಬರು, "ಮೆದುವಾ ಪೋಡುಂಗ ಸಾರ್, ಮೆದುವಾ" ಎಂದರು. ನಿಧಾನವಾಗಿ ಹಾಕಿ ಎಂದು ಅವರು ಮನಸ್ಸಿನಿಂದಲೇ ಹೇಳಿದ್ದು. ಆದರೆ ಸಾಲಿಗೆ ಸಾಲೇ ಗೊಳ್ಳೆಂದು ನಕ್ಕಿತು. ನಾನು ನಗಲಿಲ್ಲ, ಎಣಿಸುತ್ತಿದ್ದೆ. ನಾಲ್ಕನೆಯದಕ್ಕೆ ದೊಡ್ಡ ಅಧಿಕಾರಿ ಸಾಕು ಎಂದರು. ಇನ್ನೂ ಮೂರು ಬಾಕಿ ಇದೆ ಎಂದು ನನ್ನ ಮನಸ್ಸು ಕೂಗುತ್ತಿತ್ತು.

"ಇಂಥ ಹಳೇ ಕಾರ್ಡು ಇನ್ನೆಷ್ಟಿವೆ?" ಅಧಿಕಾರಿ ಮೇಡಂ ಅವರನ್ನು ಕೇಳಿದರು.

ಮೇಡಂ, "ಬೇಕಾದಷ್ಟಿವೆ ಸಾರ್. ಕಾರ್ಖಾನೆಯವರದೇ ಜಾಸ್ತಿ. ಕೈಗೆ ಏಟಾದವರು, ವಯಸ್ಸಾದವರು. ಬಂದಾಗಲೆಲ್ಲ ತೊಂದರೆ ಪಡ್ತಾರೆ" ಎಂದರು.

"ಹಾಗಾದ್ರೆ ಎಲ್ಲರನ್ನೂ ಕರೆಸಿ ಹೊಸದಾಗಿ ತಗೊಳ್ಳಿ. ಇವರದ್ದೂ ಸೇರಿಸಿ" ಎಂದು ಅಕೌಂಟೆಂಟರ ಕಡೆ ಗದ್ದ ತೋರಿಸಿ ಅಧಿಕಾರಿ ಎದ್ದರು.

ಅವತ್ತು ಸಂಜೆ ಮನೆಗೆ ಓಡುತ್ತಲೇ ಹೋದೆ. ಅಪ್ಪ ಅಮ್ಮ ಇಬ್ಬರೂ ಇದ್ದರು. ಎಲ್ಲವನ್ನೂ ಅಭಿನಯಿಸಿಯೇ ತೋರಿಸಿದೆ. ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕು, "ಕೈ ನಡುಗ್ತಾ? ಎಲ್ಲರೂ ನೋಡಿದ್ರಾ? ಇನ್ನೊಂದ್ಸಲ ಹೇಳೇ" ಎಂದು ಮೂರು ಸಲ ಹೇಳಿಸಿದರು. ಅಪ್ಪ ನಗುತ್ತಾರೆಂದು ಕಾದೆ. ಅವರು ರೇಡಿಯೋ ಆರಿಸಿದರು.

"ನಾನು ಹೇಳಿದ್ನಾ ನಿನಗೆ ಹೀಗೆ ಮಾಡು ಅಂತ?"

"ಅವರು ನಿಮ್ಮನ್ನ..."

"ಇನ್ನೊಂದು ವಾರಕ್ಕೆ ನೀನು ಶಿವಮೊಗ್ಗಕ್ಕೆ ಹೋಗ್ತೀಯ. ಆ ಬ್ಯಾಂಕಿನ ಬಾಗಿಲಿಗೆ ತಿಂಗಳು ತಿಂಗಳು ಹೋಗಬೇಕಾದವನು ನಾನು. ಅದನ್ನ ಯೋಚನೆ ಮಾಡಿದ್ಯಾ?"

ಮಾಡಿರಲಿಲ್ಲ. ನಾನು ಯೋಚಿಸಿದ್ದೆಲ್ಲ ಆ ಬಿಳಿ ಕಾಲರಿನ ಬಗ್ಗೆ ಮಾತ್ರ. ತಲೆ ತಗ್ಗಿಸಿ, "ಅವತ್ತು ನಾನು ಇಲ್ಲ ಅಂದುಬಿಟ್ಟೆ ಅಪ್ಪ" ಎಂದೆ. ಅಮ್ಮ ಏನೆಂದು ಅರ್ಥವಾಗದೆ ನಮ್ಮಿಬ್ಬರ ಮುಖ ನೋಡಿದರು.

ಅಪ್ಪ, "ನೀನು ಇದ್ದದ್ದನ್ನೇ ಹೇಳಿದೆ. ಎರಡೂ ಒಂದೇ ಥರ ಇರ್ಲಿಲ್ಲ" ಎಂದು ಎದ್ದು ಹೊರಗೆ ಹೋದರು. ಬೈದಿದ್ದರೆ ವಾಸಿಯಿತ್ತು.

ಕೊನೆಯ ದಿನ ಅಕೌಂಟೆಂಟರು ನನ್ನ ಪ್ರಮಾಣಪತ್ರಕ್ಕೆ ಸಹಿ ಹಾಕಬೇಕಿತ್ತು. ಫಾರಂನಲ್ಲಿ ತಂದೆಯ ಹೆಸರು, ವಿಳಾಸ ಇತ್ತು. ಓದುತ್ತ ಓದುತ್ತ ಅವರ ಕಣ್ಣು ಒಂದು ಕಡೆ ನಿಂತಿತು. ನನಗಷ್ಟೇ ಕೇಳುವ ಹಾಗೆ, "ಅವರು ನಿಮ್ಮ ತಂದೆ ಅಂತ ಅವತ್ತೇ ಹೇಳಬಾರದಿತ್ತಾ?" ಎಂದರು. ಮೊದಲ ಸಲ ನನಗೆ ಬಹುವಚನ ಬಂದಿತ್ತು.

"ಹೇಳಿದ್ರೆ ಸಹಿ ತಾಳೆ ಆಗ್ತಿತ್ತಾ ಸಾರ್?"

ಅವರು ಜೇಬಿನಿಂದ ಪೆನ್ನು ತೆಗೆದರು. ನಡತೆ ಎಂಬಲ್ಲಿ "ತೃಪ್ತಿಕರ" ಎಂದು ಬರೆದರು. ಎಲ್ಲರಿಗೂ "ಉತ್ತಮ" ಬರೆಯುವುದು ರೂಢಿ. ಕಾಲೇಜಿನಲ್ಲಿ ನಮ್ಮ ಮೇಷ್ಟ್ರು ಅದನ್ನು ನೋಡಿ ಹುಬ್ಬೇರಿಸಿ, ವರದಿಯ ಅಂಕದಲ್ಲಿ ಕಡಿತ ಮಾಡಿದರು. ಜೊತೆಯವರೆಲ್ಲರಿಗಿಂತ ನನಗೇ ಕಡಿಮೆ ಬಂತು. ನನಗೆ ಒಂದು ಚೂರೂ ಬೇಸರವಾಗಲಿಲ್ಲ. ಈಗಲೂ ಆಗುವುದಿಲ್ಲ. ಆ ಬೆವರಿನ ಗೆರೆಯನ್ನು ನೆನೆಸಿಕೊಂಡರೆ ಇವತ್ತಿಗೂ ನನ್ನ ಬಾಯಲ್ಲಿ ಬೆಲ್ಲ ಕರಗಿದಂತಾಗುತ್ತದೆ. ಅದಕ್ಕೆ ನಾಚಿಕೊಳ್ಳಬೇಕೆಂದು ಕೆಲವರು ಹೇಳಿದ್ದಾರೆ. ಪ್ರಯತ್ನಪಟ್ಟು ನೋಡಿದ್ದೇನೆ, ಆಗಿಲ್ಲ.

ನಾಲ್ಕೈದು ವರ್ಷಗಳ ಮೇಲೆ ಒಂದು ದಿನ ವಿನೋಬನಗರದ ಕ್ಲಿನಿಕ್ಕೊಂದರಲ್ಲಿ ಮೇಡಂ ಸಿಕ್ಕಿದರು. ನಿವೃತ್ತರಾಗಿ ಅಲ್ಲೇ ಮನೆ ಮಾಡಿದ್ದರು. ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡು ಹಳೆಯದೆಲ್ಲ ಮಾತಾಡಿದರು. ಮಾತಿನ ನಡುವೆ, "ನಿಮ್ಮಪ್ಪ ಹೇಗಿದ್ದಾರೆ? ಹೊಸ ಕಾರ್ಡು ಬರೆಸೋಕೆ ಬಂದಾಗಲೇ ನೀನು ಅವರ ಮಗಳು ಅಂತ ಗೊತ್ತಾಗಿದ್ದು. ಅವತ್ತಿನದು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ" ಎಂದರು.

ಅಪ್ಪ ಹೊಸ ಕಾರ್ಡು ಬರೆಸಿದ್ದು ನನಗೆ ಗೊತ್ತಿತ್ತು. ಹೇಗೆ ಬರೆಸಿದರೆಂದು ಅವರು ಯಾವತ್ತೂ ಹೇಳಿರಲಿಲ್ಲ.

"ಆ ಅಕೌಂಟೆಂಟ್ ಯಪ್ಪ ಎದ್ದು ಕುರ್ಚಿ ಎಳೆದು ಕೊಟ್ರು. ಕೂತ್ಕೊಳ್ಳಿ ಅಂದ್ರು. ನಿಮ್ಮಪ್ಪ, ನಿಂತೇ ಹಾಕ್ತೀನಿ ಸಾರ್ ಅಂದ್ರು. ನಿಂತೇ ಹಾಕಿದ್ರು. ಅಷ್ಟು ಹೊತ್ತೂ ಇವರೂ ನಿಂತೇ ಇರಬೇಕಾಯ್ತು" ಎಂದು ಮೇಡಂ ನಕ್ಕರು. "ಅಷ್ಟಕ್ಕೇ ಬಿಡಲಿಲ್ಲ ಮಾರಾಯ್ತಿ. ಆಮೇಲೆ ನಿಮ್ಮಪ್ಪ ಪ್ರತಿ ತಿಂಗಳೂ ಬರೋರು. ನನ್ನ ಕೌಂಟರ್ ಖಾಲಿ ಇದ್ದು, ಬನ್ನಿ ಇಲ್ಲಿ ಅಂದ್ರೂ ಬರ್ತಿರಲಿಲ್ಲ. ಆ ಯಪ್ಪ ಟೀಗೆ ಹೋಗಿದ್ರೆ ಬೆಂಚಿನ ಮೇಲೆ ಕಾಯೋರು. ಅವರು ಬಂದ ಮೇಲೆ, ಅವರ ಮೇಜಿನ ಮುಂದೇನೇ ಚೀಟಿ ಇಟ್ಟು, ಅವರ ಕಣ್ಣೆದುರಿಗೇ ಒಂದೊಂದೇ ಅಕ್ಷರ ಬರೆಯೋರು. ಅವರಿಗೆ ವರ್ಗ ಆಗೋವರೆಗೂ ಒಂದು ತಿಂಗಳೂ ತಪ್ಪಿಸಲಿಲ್ಲ."

ನಿಮ್ಮಪ್ಪ ಬ್ಯಾಂಕಿಗೆ ಹೋದರೆ ಅರ್ಧ ದಿನ ಕಳೆದು ಬರುತ್ತಾರೆ, ಅಲ್ಲಿ ಅಂಥದ್ದೇನಿದೆಯೋ ಎಂದು ಅಮ್ಮ ಫೋನಿನಲ್ಲಿ ಎಷ್ಟೋ ಸಲ ಗೊಣಗಿದ್ದರು.